ನಿಮಗಿದು ಗೊತ್ತೇ? ಬಣ್ಣ ಬಿಟ್ಟ ಡೆಕ್ಕಿನ ಒಳಗುಟ್ಟು

ಹಿತ್ತಿಲಲ್ಲಿ ಮರದ ಹಲಗೆ ಹಾಸಿ, ಅದಕ್ಕೆ ಡೆಕ್ ಎಂದು ಹೆಸರಿಟ್ಟು, ಕುರ್ಚಿ ಹಾಕಿಕೊಂಡು ಕೂರುವುದು ಅಮೆರಿಕ, ಕೆನಡಾ, ಬ್ರಿಟನ್ನಿನವರ ಹಳೆಯ ಚಟ. ಈಗ ನ್ಯೂಜೆರ್ಸಿಯ ಕನ್ನಡಿಗರ ಮನೆ ಹಿಂದೆಯೂ ಡೆಕ್ ಇದೆ, ಕೊಡಗಿನ ಹೋಮ್‌ಸ್ಟೇಗಳಲ್ಲೂ ಇದೆ, ಬೆಂಗಳೂರಿನ ತಾರಸಿಗೂ ಹತ್ತಿದೆ. ಹಾಕಿಸಿದ ವರ್ಷ ಜೇನುಬಣ್ಣ. ಎರಡು ಮಳೆಗಾಲ ಕಳೆದರೆ ಹಲಗೆ ಬೂದು, ಮೊಳೆಯ ಸುತ್ತ ಕಪ್ಪು, ಕಾಲು ಸವೆಸಿದ ದಾರಿಯಲ್ಲಿ ಸ್ಟೇನ್ ಎಂಬ ದುಬಾರಿ ಬಣ್ಣ ನಾಪತ್ತೆ. ಹೊಸ ಡಬ್ಬ ತರಲು ಅಂಗಡಿಗೆ ಓಡುವ ಮುಂಚೆ ಇದನ್ನಿಷ್ಟು ಓದಿಕೊಳ್ಳಿ.

● ಬೂದುಬಣ್ಣಕ್ಕೂ ಕೊಳೆತಕ್ಕೂ ಸಂಬಂಧವಿಲ್ಲ. ಮರದ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಲಿಗ್ನಿನ್. ಪೈನ್, ಸೀಡರ್‌ನಂಥ ಮೆದುಮರಗಳಲ್ಲಿ ತೂಕದ ಹೆಚ್ಚುಕಮ್ಮಿ ಕಾಲುಪಾಲು ಅದೇ. ಬಿಸಿಲಿನ ನೇರಳಾತೀತ ಕಿರಣ ಮೊದಲು ಒಡೆಯುವುದು ಇದನ್ನು. ಒಡೆದದ್ದು ಮಳೆಗೆ ತೊಳೆದುಹೋಗಿ, ಬಣ್ಣವಿಲ್ಲದ ನಾರು ಮೇಲೆ ಉಳಿಯುತ್ತದೆ. ಆದರೆ ಆ ಕಿರಣ ಮರದೊಳಗೆ ಇಳಿಯುವುದು ಸುಮಾರು 75 ಮೈಕ್ರಾನ್ ಮಾತ್ರ. ಮಿಲಿಮೀಟರಿನ ಹತ್ತರಲ್ಲೊಂದು ಪಾಲೂ ಆಗಲಿಲ್ಲ. ಚೂರಿಯ ಮೊನೆಯಲ್ಲಿ ತುಸು ಕೆರೆದು ನೋಡಿ, ಹಳೆಯ ಜೇನುಬಣ್ಣ ಅಲ್ಲೇ ಇದೆ.

● ಬಣ್ಣ ಕಾಣದ ಮೆದುಮರದ ಹಲಗೆಯನ್ನು ಬಿಸಿಲು ಮಳೆ ಸೇರಿ ಸವೆಸುವ ವೇಗ ನೂರು ವರ್ಷಕ್ಕೆ ಸರಿಸುಮಾರು 6 ಮಿಲಿಮೀಟರ್. ಈ ಲೆಕ್ಕ ಕೊಟ್ಟದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿ 1910ರಿಂದ ನಡೆಯುತ್ತಿರುವ ಸರ್ಕಾರಿ ಅರಣ್ಯೋತ್ಪನ್ನ ಪ್ರಯೋಗಾಲಯ. ಅಂದಮೇಲೆ ಹತ್ತೇ ವರ್ಷಕ್ಕೆ ಡೆಕ್ ಕುಸಿದರೆ ಬಿಸಿಲನ್ನು ಬೈಯುವುದರಲ್ಲಿ ಅರ್ಥವಿಲ್ಲ. ಅಪರಾಧಿ ಬೇರೆ ಇದ್ದಾನೆ: ಒಳಗೆ ಸೇರಿ ಹೊರಬರಲಾಗದೆ ಉಳಿದ ನೀರು.

● ಬೂದು ಹಲಗೆಯ ಮೇಲಿನ ಕರಿಚುಕ್ಕೆಗಳಲ್ಲಿ ಬಹುಪಾಲು ಒಂದು ಶಿಲೀಂಧ್ರದ ಕೆಲಸ. ಹೆಸರು ಆರಿಯೋಬೆಸಿಡಿಯಂ ಪುಲ್ಯುಲನ್ಸ್. ಬಿಸಿಲು ಒಡೆದುಕೊಟ್ಟ ಚೂರುಗಳೇ ಅದಕ್ಕೆ ಊಟ. ಕೆಡದ ಮರದ ತಂಟೆಗೆ ಹೋಗುವುದಿಲ್ಲ. ಇದೇ ಶಿಲೀಂಧ್ರವನ್ನು ಕಾರ್ಖಾನೆಯಲ್ಲಿ ಬೆಳೆಸಿ ಪುಲ್ಯುಲಾನ್ ಎಂಬ ಪದಾರ್ಥ ತೆಗೆಯುತ್ತಾರೆ. ಸಸ್ಯಾಹಾರಿಗಳಿಗೆಂದು ಮಾಡುವ ಕೆಲವು ಮಾತ್ರೆಗಳ ಕ್ಯಾಪ್ಸೂಲ್, ನಾಲಗೆಯ ಮೇಲೆ ಕರಗಿ ಬಾಯಿವಾಸನೆ ಕಳೆಯುವ ಪಟ್ಟಿ, ಎರಡೂ ಅದರಿಂದಲೇ. ಡೆಕ್ ಉಜ್ಜುವಾಗ ಬೈದುಕೊಳ್ಳುವವರು ಅದನ್ನು ಆಗಲೇ ನುಂಗಿರಲೂಬಹುದು!

● ಡೆಕ್ ರಿಪೇರಿಗೆ ಮೊದಲು ಬೇಕಾದ ಸಾಮಾನು ಬ್ರಷ್ ಅಲ್ಲ, ಸ್ಕ್ರೂಡ್ರೈವರ್. ಹಲಗೆ ತೊಲೆಗೆ ಕೂರುವ ಜಾಗ, ಮೆಟ್ಟಿಲಿನ ಕಾಲು, ಮನೆಯ ಗೋಡೆಗೆ ಡೆಕ್ ಸೇರುವ ಪಟ್ಟಿ, ಕಂಬ ನೆಲಕ್ಕೆ ಇಳಿಯುವ ಬುಡ, ಈ ನಾಲ್ಕು ಕಡೆ ಮೊನೆಯಿಂದ ಒತ್ತಿ ನೋಡಿ. ಗಟ್ಟಿಮರ ಎದುರೊತ್ತುತ್ತದೆ, ಎಬ್ಬಿದರೆ ಉದ್ದನೆಯ ಸೀಳು ಏಳುತ್ತದೆ. ಕುಂಬಾದ ಮರದಲ್ಲಿ ಮೊನೆ ಸದ್ದಿಲ್ಲದೆ ಇಳಿದುಹೋಗುತ್ತದೆ, ಎಬ್ಬಿದರೆ ತುಂಡು ತುಂಡಾಗಿ ಉದುರುತ್ತದೆ. ಮೇಲೆ ಎಷ್ಟು ಸೊಗಸಾಗಿ ಬಣ್ಣ ನಿಂತಿದ್ದರೂ ಸರಿ, ಅಂಥ ತುಂಡನ್ನು ಕತ್ತರಿಸಿ ಹೊಸದು ಹಾಕಬೇಕು.

● ಇದು ಅತಿಯಾಯಿತು ಅನ್ನಿಸಿದರೆ ಬರ್ಕ್ಲಿಯನ್ನು ನೆನೆಯಿರಿ. ಕ್ಯಾಲಿಫೋರ್ನಿಯಾದ ಆ ಊರಿನಲ್ಲಿ 2015ರ ಜೂನ್ 16ರಂದು ಹುಟ್ಟುಹಬ್ಬಕ್ಕೆ ಸೇರಿದ್ದ ವಿದ್ಯಾರ್ಥಿಗಳ ಭಾರಕ್ಕೆ ಅಪಾರ್ಟ್‌ಮೆಂಟೊಂದರ ಬಾಲ್ಕನಿ ಮುರಿದು 6 ಮಂದಿ ಸತ್ತರು. ಕಟ್ಟಡಕ್ಕೆ ಹತ್ತು ವರ್ಷವೂ ತುಂಬಿರಲಿಲ್ಲ. ಮೇಲಿನಿಂದ ನೋಡಿದರೆ ಎಲ್ಲ ಚೆನ್ನಾಗಿಯೇ ಇತ್ತು; ಒಳಗಿನ ಮರದ ತೊಲೆಗಳು ನೀರು ಕುಡಿದು ಕೊಳೆತಿದ್ದವು. ಇಂಥ ಬಾಲ್ಕನಿ, ಡೆಕ್‌ಗಳಿರುವ ಬಾಡಿಗೆ ವಸತಿ ಕಟ್ಟಡಗಳನ್ನು ಆರು ವರ್ಷಕ್ಕೊಮ್ಮೆ ಪರೀಕ್ಷಿಸಲೇಬೇಕು ಎಂಬ ಕಾನೂನು 2018ರಲ್ಲಿ ಅಲ್ಲಿ ಬಂತು.

● ಮರ ಕೊಳೆಸುವ ಶಿಲೀಂಧ್ರಕ್ಕೆ ಮರದಲ್ಲಿ ಶೇ. 20ಕ್ಕಿಂತ ಹೆಚ್ಚು ತೇವ ಬೇಕು. ಅದಕ್ಕಿಂತ ಒಣಗಿದ್ದರೆ ಅದು ತೆಪ್ಪಗೆ ಬಿದ್ದಿರುತ್ತದೆ. ಹಾಗೆಂದು ಪೂರ್ತಿ ಮುಳುಗಿಸಿದರೂ ಆಟ ನಡೆಯದು, ಗಾಳಿ ಸಿಗುವುದಿಲ್ಲವಲ್ಲ! ವೆನಿಸ್ ನಗರ ಶತಮಾನಗಳಿಂದ ನಿಂತಿರುವುದು ಕೆಸರಿನಲ್ಲಿ ಹೂತ ಮರದ ಗೂಟಗಳ ಮೇಲೆ. ಮರಕ್ಕೆ ಕೇಡು ಇರುವುದು ಅರೆತೇವದಲ್ಲಿ.

● ಅರೆತೇವ ಹುಟ್ಟುವುದು ಎಲ್ಲಿ ಗೊತ್ತೇ? ಹಲಗೆಗಳ ನಡುವಿನ ಸಂದಿನಲ್ಲಿ. ನೀರು ಇಳಿದುಹೋಗಲೆಂದು ಬಿಟ್ಟ ನಾಲ್ಕೈದು ಮಿಲಿಮೀಟರಿನ ಆ ಜಾಗಕ್ಕೆ ತರಗೆಲೆ, ಮಣ್ಣು ಸೇರಿ ಗೊಬ್ಬರವಾಗಿ ಕೂರುತ್ತದೆ. ಹಳೆಯ ಅಡುಗೆಚೂರಿ ತೆಗೆದುಕೊಂಡು ಕೂತು ಇದನ್ನು ಕೆರೆದು ತೆಗೆಯುವುದು ಬೇಸರದ ಕೆಲಸ, ಯಾರ ಕಣ್ಣಿಗೂ ಬೀಳದ ಕೆಲಸ. ನನ್ನನ್ನು ಕೇಳಿದರೆ ಡಬ್ಬದೊಳಗಿನ ಯಾವ ಬಣ್ಣಕ್ಕಿಂತಲೂ ಡೆಕ್ಕಿನ ಆಯುಸ್ಸು ಹೆಚ್ಚಿಸುವುದು ಇದೇ. ಹೂಕುಂಡಗಳನ್ನೂ ನೇರ ಹಲಗೆಯ ಮೇಲೆ ಇಡಬೇಡಿ. ಕೆಳಗೆ ಎರಡು ಪಟ್ಟಿ ಕೊಟ್ಟು ಎತ್ತಿಡಿ.

● ಅಮೆರಿಕದ ಮೊದಲ ಹೆಸರುವಾಸಿ ಹಲಗೆದಾರಿ ಹುಟ್ಟಿದ್ದು ಮರಳಿನ ಕಾಟಕ್ಕೆ. ಅಟ್ಲಾಂಟಿಕ್ ಸಿಟಿಯ ಕಡಲ ತೀರಕ್ಕೆ ಹೋಗಿಬಂದವರು ರೈಲಿನ ಡಬ್ಬಿಗೂ ಹೋಟೆಲಿನ ಒಳಕ್ಕೂ ಮರಳು ತುಳಿದು ತರುತ್ತಾರೆಂದು ರೈಲಿನ ಕಂಡಕ್ಟರ್ ಅಲೆಕ್ಸಾಂಡರ್ ಬೋರ್ಡ್‌ಮನ್ ಮತ್ತು ಹೋಟೆಲ್ ಮಾಲೀಕ ಜೇಕಬ್ ಕೀಮ್ ಊರಿನವರನ್ನು ಒಪ್ಪಿಸಿ 1870ರ ಜೂನ್ 26ರಂದು ಅದನ್ನು ತೆರೆಸಿದರು. ಆಗ ಅದು ಕಳಚಿಡಬಹುದಾದ ತುಂಡುಗಳ ದಾರಿ. ಚಳಿಗಾಲ ಬಂದರೆ ಎತ್ತಿ ಒಳಗಿಡುತ್ತಿದ್ದರು. ಜಾಣರು!

● ಅಮೆರಿಕದ ಲಕ್ಷಾಂತರ ಹಿತ್ತಿಲ ಡೆಕ್‌ಗಳ ಹಿಂದೆ ಒಬ್ಬ ಭಾರತೀಯನ ತಲೆ ಇದೆ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೋಂಟಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿ ಮರಕ್ಕೆ ಕೊಡುವ ಮದ್ದೊಂದನ್ನು ಕಂಡುಹಿಡಿದರು. ತಾಮ್ರ ಶಿಲೀಂಧ್ರವನ್ನು ತಡೆಯುತ್ತದೆ, ಆರ್ಸೆನಿಕ್ ಗೆದ್ದಲನ್ನು ಕೊಲ್ಲುತ್ತದೆ, ಕ್ರೋಮಿಯಂ ಎರಡನ್ನೂ ಮಳೆಗೆ ತೊಳೆದುಹೋಗದಂತೆ ನಾರಿಗೆ ಕಚ್ಚಿಸುತ್ತದೆ. ಹೆಸರು ಆಸ್ಕು. ಒತ್ತಡ ಕೊಟ್ಟು ಈ ಮದ್ದನ್ನು ಮರದೊಳಕ್ಕೆ ತುಂಬಿದರೆ ಅಗ್ಗದ ಪೈನ್ ಕೂಡ ದಶಕಗಟ್ಟಲೆ ಮಣ್ಣಿನಲ್ಲಿ ನಿಲ್ಲುತ್ತದೆ. ವಿದ್ಯುತ್ ಕಂಬ, ಬೇಲಿಗೂಟ, ಆಮೇಲೆ ಹಿತ್ತಿಲ ಡೆಕ್ ಎಲ್ಲವೂ ಅದರ ಮೇಲೆಯೇ ನಿಂತವು. ಮಕ್ಕಳು ಬರಿಗಾಲಲ್ಲಿ ಆಡುವ ಜಾಗದಲ್ಲಿ ಆರ್ಸೆನಿಕ್ ಏಕೆ ಎಂಬ ಪ್ರಶ್ನೆ ಎದ್ದು, 2003ರ ಡಿಸೆಂಬರ್ 31ಕ್ಕೆ ಅಲ್ಲಿ ಮನೆಬಳಕೆಯ ಮರಕ್ಕೆ ಈ ಮದ್ದು ಕೊಡುವುದು ನಿಂತಿತು.

● ಅಮೆರಿಕದಲ್ಲಿ ಹಳೇ ಮನೆ ಕೊಂಡ ನೆಂಟರಿಗೆ ಈ ಸಾಲು ಓದಿ ಹೇಳಿ: 2004ಕ್ಕಿಂತ ಹಿಂದಿನ, ಹಸಿರು ಛಾಯೆಯ ಡೆಕ್ ಇದ್ದರೆ ಅದಕ್ಕೆ ಮೆಷಿನ್ ಹಿಡಿದು ಉಜ್ಜಬೇಡಿ, ಧೂಳಿನಲ್ಲಿ ಆರ್ಸೆನಿಕ್ ಇರುತ್ತದೆ. ಕಿತ್ತ ಹಲಗೆಯನ್ನು ಒಲೆಗೆ ಹಾಕಲೇಬಾರದು. ಹೊಗೆಯೂ ಬೂದಿಯೂ ವಿಷ.

● ಅದರ ಜಾಗಕ್ಕೆ ಬಂದ ಹೊಸ ಮದ್ದುಗಳಲ್ಲಿ ಆರ್ಸೆನಿಕ್ ಇಲ್ಲ, ತಾಮ್ರ ಹೆಚ್ಚು. ಆ ತಾಮ್ರ ಸಾದಾ ಮೊಳೆಯನ್ನು ಬೇಗ ತಿನ್ನುತ್ತದೆ. ದಪ್ಪ ಸತು ಲೇಪದ್ದೋ ಸ್ಟೇನ್‌ಲೆಸ್ ಸ್ಟೀಲಿನದ್ದೋ ಸ್ಕ್ರೂ ಹಾಕಿ. ಇಲ್ಲಿ ಚೌಕಾಸಿ ಬೇಡ.

● ಮೊಳೆಯ ಕೆಳಗೆ ಕಣ್ಣೀರಿನಂತೆ ಇಳಿದ ಕಪ್ಪು ಗೆರೆ ಕೊಳೆಯೂ ಅಲ್ಲ, ಬೂಷ್ಟೂ ಅಲ್ಲ. ಅದು ಮಸಿ! ಸೀಡರ್, ಓಕ್ ಮರಗಳಲ್ಲಿರುವ ಒಗರು ಪದಾರ್ಥ ಟ್ಯಾನಿನ್, ಮೊಳೆಯ ಕಬ್ಬಿಣದ ಜೊತೆ ನೀರಿನಲ್ಲಿ ಸೇರಿದರೆ ಕಡುಕಪ್ಪು ಬಣ್ಣ ಹುಟ್ಟುತ್ತದೆ. ಕಲಂಕಾರಿ ಬಟ್ಟೆಯ ಕಪ್ಪು ಗೆರೆ ಮೂಡುವುದೂ ಇದೇ ಬಗೆಯಲ್ಲಿ. ಬಟ್ಟೆಗೆ ಮೊದಲು ಅಳಲೆಕಾಯಿಯ ಒಗರು, ಮೇಲೆ ತುಕ್ಕುಕಬ್ಬಿಣವನ್ನು ಬೆಲ್ಲದ ನೀರಲ್ಲಿ ಕೊಳೆಹಾಕಿ ತೆಗೆದ ರಸ. ಹಾಗಾಗಿ ಸೋಪು ಎಷ್ಟು ತಿಕ್ಕಿದರೂ ಡೆಕ್ಕಿನ ಈ ಕಲೆ ಹೋಗುವುದಿಲ್ಲ.

● ಅದಕ್ಕೆ ಮದ್ದು ಆಕ್ಸಾಲಿಕ್ ಆಮ್ಲ. ಬೆಂಗಳೂರಿನ ಮೊಸಾಯಿಕ್ ನೆಲಕ್ಕೆ ಪಾಲಿಶ್ ಹಾಕುವವರ ಬಳಿ ಬಿಳಿಪುಡಿಯಾಗಿ ಇರುವುದೂ ಇದೇ. ಕೆಸುವಿನೆಲೆ ಗಂಟಲು ಕೆರೆಸುವುದು ಇದೇ ಆಮ್ಲ ಸುಣ್ಣದಂಶದೊಡನೆ ಸೇರಿ ಆದ ಸೂಜಿ ಹರಳುಗಳಿಂದ. ಬೆಚ್ಚನೆಯ ನೀರಿನಲ್ಲಿ ಕರಗಿಸಿ ಹಚ್ಚಿದರೆ ಕಪ್ಪು ಗೆರೆ ಕಣ್ಣೆದುರೇ ತೆಳುವಾಗುತ್ತ ಹೋಗುತ್ತದೆ. ಡೆಕ್ ರಿಪೇರಿಯಲ್ಲಿ ಮನಸ್ಸಿಗೆ ಖುಷಿ ಕೊಡುವ ಗಳಿಗೆ ಇದೊಂದೇ ಎಂದರೂ ತಪ್ಪಿಲ್ಲ. ಆದರೆ ಪುಡಿ ವಿಷ. ಕೈಗೆ ಗವಸು, ಕಣ್ಣಿಗೆ ಕನ್ನಡಕ, ಮಕ್ಕಳೂ ನಾಯಿಯೂ ದೂರ. ಕೊನೆಗೆ ಧಾರಾಳ ನೀರು ಸುರಿದು ತೊಳೆಯಬೇಕು.

● ಅದಕ್ಕೂ ಮೊದಲು ಬೂದುಪದರ, ಪಾಚಿ, ಬೂಷ್ಟು ತೆಗೆಯುವುದಕ್ಕೆ ಒಳ್ಳೆಯದು ಸೋಡಿಯಂ ಪರ್‌ಕಾರ್ಬೊನೇಟ್. ಬಟ್ಟೆ ಕಲೆ ತೆಗೆಯುವ ಅನೇಕ ಪುಡಿಗಳ ಜೀವಾಳ ಅದೇ. ನೀರಿಗೆ ಬಿದ್ದೊಡನೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಎರಡಾಗಿ ಒಡೆದು ಬುರುಬುರು ನೊರೆಯೇಳುತ್ತದೆ. ಕಾಲು ಗಂಟೆ ಒಣಗದಂತೆ ಬಿಟ್ಟು, ಗಟ್ಟಿ ನಾರಿನ ಬ್ರಷ್ಷಿನಲ್ಲಿ ಹಲಗೆಯುದ್ದಕ್ಕೂ ಉಜ್ಜಿ. ತೊಳೆದ ಮೇಲೆ ಮರ ಕಪ್ಪಾದಂತೆ ಕಂಡರೆ ಗಾಬರಿ ಬೇಡ. ಅದು ಕ್ಷಾರದ ಗುಣ. ಮೇಲೆ ಹೇಳಿದ ಆಮ್ಲ ಬಿದ್ದರೆ ತಿಳಿಯಾಗುತ್ತದೆ. ಕ್ಷಾರ ಮೊದಲು, ಆಮ್ಲ ಆಮೇಲೆ. ತಿರುವುಮುರುವು ಮಾಡಿದರೆ ಎರಡೂ ದಂಡ.

● ಕಕ್ಕಸಿಗೆ ಹಾಕುವ ಬ್ಲೀಚು ಬೇಡ. ಪಾಚಿ ಸಾಯುತ್ತದೆ, ನಿಜ. ಮರದ ಲಿಗ್ನಿನ್ನೂ ಹೋಗಿ ಮೇಲ್ಮೈ ಹತ್ತಿಯಾಗುತ್ತದೆ. ಬ್ಲೀಚಿನ ಜೊತೆ ಆಮ್ಲ ಬೆರೆತರಂತೂ ಕ್ಲೋರಿನ್ ಅನಿಲ ಏಳುತ್ತದೆ.

● ಕಾರು ತೊಳೆಯುವ ಪ್ರೆಷರ್ ವಾಷರ್ ತಂದು ಹಲಗೆಗೆ ಹಿಡಿಯುವುದು ಗಂಡಸರಿಗೆ ಅದೇನೋ ಪ್ರೀತಿ. ಮೆದುಮರಕ್ಕೆ 500ರಿಂದ 600 ಪಿಎಸ್‌ಐ ಒತ್ತಡ ಧಾರಾಳವಾಯಿತು. ಮನೆಬಳಕೆಯ ಯಂತ್ರಗಳು ಅದರ ಮೂರು ಪಟ್ಟು ಸುಲಭವಾಗಿ ದಾಟುತ್ತವೆ. ಹತ್ತಿರ ಹಿಡಿದರೆ ಮೆದುಪದರ ಕಿತ್ತುಹೋಗಿ ಗಟ್ಟಿಪದರ ಗೆರೆಗೆರೆಯಾಗಿ ಎದ್ದು ನಿಲ್ಲುತ್ತದೆ. ನೀರು ಮರದೊಳಕ್ಕೂ ತೂರಿಕೊಳ್ಳುತ್ತದೆ. ಹಿಡಿಯಲೇಬೇಕೆಂದಿದ್ದರೆ ಅಗಲಮೂತಿ ಹಾಕಿ, ಅಡಿಯಷ್ಟು ದೂರದಿಂದ, ಹಲಗೆಯುದ್ದಕ್ಕೆ ಬೀಸುತ್ತ ಹೋಗಿ.

● ಆಮೇಲಿನ ಕೆಲಸ ಸುಮ್ಮನೆ ಕಾಯುವುದು. ಬಿಸಿಲಿನ ದಿನಗಳಾದರೂ ಕನಿಷ್ಠ ಎರಡು ದಿನ. ಒಣಗಿದೆಯೋ ಇಲ್ಲವೋ ತಿಳಿಯಲು ನಾಲ್ಕು ಹನಿ ನೀರು ಚಿಮುಕಿಸಿ. ಕೂಡಲೇ ಹೀರಿಕೊಂಡರೆ ಹಲಗೆ ಸ್ಟೇನ್ ಕುಡಿಯಲು ತಯಾರು. ಹನಿ ಮುತ್ತಾಗಿ ನಿಂತರೆ ಹಳೆಯ ಲೇಪ ಇನ್ನೂ ಅಂಟಿಕೊಂಡಿದೆ, ಇಲ್ಲವೇ ಮರ ಒದ್ದೆಯಿದೆ. ಅಂಥದ್ದರ ಮೇಲೆ ಬಳಿದ ಬಣ್ಣ ಮುಂದಿನ ಮಳೆಗೆ ಪದರಪದರವಾಗಿ ಏಳುತ್ತದೆ. ಬಂಗಾರದಂಥ ಬೆಲೆಯ ಡಬ್ಬವಾದರೂ ಅಷ್ಟೇ.

● ಉಪ್ಪುಕಾಗದ ನುಣುಪಾದಷ್ಟೂ ಒಳ್ಳೆಯದು ಎಂಬ ಲೆಕ್ಕ ಮೇಜು ಕುರ್ಚಿಗೆ ಸರಿ, ಡೆಕ್ಕಿಗೆ ತಪ್ಪು. 60ರಿಂದ 80ನೇ ನಂಬರಿನದು ಸಾಕು. 120 ದಾಟಿ ಉಜ್ಜಿದರೆ ಮರದ ರಂಧ್ರ ಮುಚ್ಚಿಹೋಗಿ ಸ್ಟೇನ್ ಒಳಗಿಳಿಯದು. ಹಲಗೆಯ ಕೊಯ್ದ ತುದಿಗಳಿಗೆ ಮಾತ್ರ ನುಣುಪು ಕಾಗದ ಹಾಕಬಹುದು. ಅಲ್ಲಿ ನಾರಿನ ಕೊಳವೆಗಳ ಬಾಯಿ ತೆರೆದಿರುವುದರಿಂದ ಬಣ್ಣವನ್ನು ವಿಪರೀತ ಕುಡಿದು ಕಪ್ಪಾಗುತ್ತವೆ. ಮೊಳೆ, ಸ್ಕ್ರೂಗಳ ತಲೆ ಮೊದಲೇ ಇಳಿಸಿ; ಇಲ್ಲವಾದರೆ ಕಾಗದ ಹರಿಯುತ್ತದೆ, ಬಾಯಿಂದ ಬರಬಾರದ ಮಾತೂ ಬರುತ್ತದೆ.

● ಮರದ ಸಹಜ ಬಣ್ಣ ಕಾಣಲಿ ಎಂದು ಪೂರಾ ಪಾರದರ್ಶಕ ಲೇಪ ಕೊಳ್ಳುವವರೇ ಬೇಗ ಮತ್ತೆ ಅಂಗಡಿಗೆ ಬರುವುದು. ಬಿಸಿಲನ್ನು ತಡೆಯಲು ಅದರಲ್ಲಿ ಬಣ್ಣದ ಪುಡಿಯೇ ಇಲ್ಲ. ಅರೆಪಾರದರ್ಶಕ ಸ್ಟೇನಿನಲ್ಲಿ ಇರುವುದು ಬಹುತೇಕ ಕಬ್ಬಿಣದ ಆಕ್ಸೈಡ್. ನಮ್ಮ ಕೆಮ್ಮಣ್ಣಿಗೆ, ಕಾವಿಗೆ ಕೆಂಪು ಕೊಟ್ಟಿರುವುದೂ ಅದೇ. ಸ್ವೀಡನ್ನಿನ ಹಳ್ಳಿಮನೆಗಳೆಲ್ಲ ಒಂದೇ ಬಗೆಯ ಕೆಂಪಾಗಿರುವುದಕ್ಕೆ ಕಾರಣ ಫಾಲುನ್ ಊರಿನ ತಾಮ್ರದ ಗಣಿಯ ಕಬ್ಬಿಣಭರಿತ ಮಣ್ಣು. 1992ರಲ್ಲಿ ಗಣಿ ಮುಚ್ಚಿತು, ಬಣ್ಣ ಇನ್ನೂ ಮಾರಾಟದಲ್ಲಿದೆ.

● ಮರದೊಳಗೆ ಇಳಿಯುವ ಸ್ಟೇನಿಗೂ ಮೇಲೆ ಪೊರೆ ಕಟ್ಟುವ ಪೇಂಟಿಗೂ ಇರುವ ದೊಡ್ಡ ವ್ಯತ್ಯಾಸ ಹಚ್ಚುವ ದಿನ ಗೊತ್ತಾಗುವುದಿಲ್ಲ, ಹಾಳಾಗುವ ದಿನ ಗೊತ್ತಾಗುತ್ತದೆ. ಸ್ಟೇನ್ ಸವೆದು ಮಾಸುತ್ತದೆ, ತೊಳೆದು ಮತ್ತೊಂದು ಕೈ ಹಾಕಿದರಾಯಿತು. ಪೊರೆ ಬಿರಿದು ಸಿಪ್ಪೆಯೇಳುತ್ತದೆ, ಬಿರುಕಲ್ಲಿ ನೀರು ಸೇರುತ್ತದೆ, ಪೂರ್ತಿ ಕೆರೆಯದೆ ಗತಿಯಿಲ್ಲ. ಮಂಚದಂತೆ ಮಲಗಿ ಬಿಸಿಲಿಗೂ ಮಳೆಗೂ ಮೈಯೊಡ್ಡಿರುವ ಡೆಕ್ಕಿಗೆ ಎರಡು ಮೂರು ವರ್ಷಕ್ಕೊಮ್ಮೆ ಈ ಕೆಲಸ ತಪ್ಪದು. ಹಾಗಿರುವಾಗ ಪೊರೆ ಕಟ್ಟುವುದನ್ನು ಆರಿಸುವುದು ಕೈಯಾರೆ ತಂದುಕೊಳ್ಳುವ ತೊಂದರೆ ಎಂಬುದು ನನ್ನ ಖಚಿತ ಅಭಿಪ್ರಾಯ.

● ಎರಡು ಕೈ ಹಚ್ಚಿದರೆ ಎರಡರಷ್ಟು ಬಾಳಿಕೆ ಎಂದುಕೊಂಡಿದ್ದೀರಾ? ಮರ ಕುಡಿಯುವಷ್ಟೇ ಕುಡಿಯುತ್ತದೆ. ಉಳಿದದ್ದು ಮೇಲೆ ನಿಂತು ಅಂಟಂಟಾಗುತ್ತದೆ, ಚಪ್ಪಲಿಗೆ ಹತ್ತುತ್ತದೆ. ಎಣ್ಣೆ ಸ್ಟೇನಿಗೆ ಎರಡನೇ ಕೈ ಬೇಕೆಂದು ಡಬ್ಬದ ಮೇಲೆ ಬರೆದಿದ್ದರೆ ಮೊದಲನೆಯದು ಆರುವ ಮುಂಚೆಯೇ ಕೊಡಬೇಕು, ಹೀರದ್ದನ್ನು ಸ್ವಲ್ಪ ಹೊತ್ತಿಗೆ ಬಟ್ಟೆಯಲ್ಲಿ ಒರೆಸಬೇಕು. ನೆತ್ತಿಯ ಬಿಸಿಲಿನಲ್ಲಿ ಹಚ್ಚಬೇಡಿ. ಎರಡು ಮೂರು ಹಲಗೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಒಂದೇ ಓಟಕ್ಕೆ ಮುಗಿಸಿ. ನಡುವೆ ಕಾಫಿಗೆ ಎದ್ದರೆ ನಿಂತ ಜಾಗದಲ್ಲಿ ಗೆರೆ ಬೀಳುತ್ತದೆ. ಮನೆಬಾಗಿಲ ಕಡೆಗೆ ಹಿಂದೆಹಿಂದೆ ಸರಿಯುತ್ತ ಬನ್ನಿ ಎಂದು ಬೇರೆ ಹೇಳಬೇಕಿಲ್ಲವಷ್ಟೆ?

● ನಾರ್ವೆಯ ಬೋರ್ಗುಂಡ್ ಊರಿನ ಮರದ ಚರ್ಚು ನಿಂತದ್ದು 12ನೇ ಶತಮಾನದ ಕೊನೆಯ ಹೊತ್ತಿಗೆ. ಅದಕ್ಕೆ ಇವತ್ತಿಗೂ ಬಳಿಯುವುದು ಪೈನ್ ಮರದಿಂದ ಇಳಿಸಿದ ಡಾಂಬರು. ನಮ್ಮ ಕರಾವಳಿಯ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ, ಮೀನೆಣ್ಣೆ ಬಳಿಯುತ್ತಿದ್ದವರಿಗೂ ತಿಳಿದಿದ್ದ ವಿದ್ಯೆ ಅದೇ: ಒಳಗಿಳಿಯುವುದನ್ನು ಹಚ್ಚು, ಮತ್ತೆ ಮತ್ತೆ ಹಚ್ಚು. ಗೇರೆಣ್ಣೆ ಕೈಗೆ ತಾಗಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಡೆಕ್ಕಿಗೆ ಪ್ರಯೋಗ ಮಾಡಹೊರಡಬೇಡಿ.

● ಸಾಗುವಾನಿಗೆ ಏನನ್ನೂ ಹಚ್ಚದೆ ಬಿಟ್ಟರೂ ನಡೆಯುತ್ತದೆ. ಅದರ ಚೇಗಿನಲ್ಲಿರುವ ಎಣ್ಣೆಯೇ ಕಾವಲು, ಬೂದಾಗುತ್ತದೆ, ಕೆಡುವುದಿಲ್ಲ. ಮಲಬಾರಿನ ಸಾಗುವಾನಿಯಿಂದ ಮುಂಬಯಿಯ ವಾಡಿಯಾ ಮನೆತನದವರು 1817ರಲ್ಲಿ ಕಟ್ಟಿ ನೀರಿಗಿಳಿಸಿದ ಬ್ರಿಟಿಷ್ ಯುದ್ಧನೌಕೆ ಟ್ರಿಂಕೋಮಲಿ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಈಗಲೂ ತೇಲುತ್ತಿದೆ. ಮಾರುವವ ಸಾಗುವಾನಿ ಎಂದದ್ದೆಲ್ಲ ಸಾಗುವಾನಿಯಲ್ಲ ಎಂಬ ಅನುಮಾನವಿದ್ದರೆ, ಮರದ ಜಾತಿ ಗುರುತಿಸುವ ಪರಿಣತರು ಬೆಂಗಳೂರಿನ ಮಲ್ಲೇಶ್ವರದ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿದ್ದಾರೆ.

● ಡೆಕ್ ಮರಗಳಲ್ಲಿ ರಾಜ ಎನ್ನಿಸಿಕೊಂಡ ದಕ್ಷಿಣ ಅಮೆರಿಕದ ಇಪೆ, ನೀರಿಗೆ ಹಾಕಿದರೆ ಮುಳುಗುವಷ್ಟು ಭಾರ. 1923ರಲ್ಲಿ ತೆರೆದ ನ್ಯೂಯಾರ್ಕಿನ ಕೋನಿ ಐಲೆಂಡ್ ಹಲಗೆದಾರಿಗೂ ಮುಂದೆ ಇದನ್ನು ಬಳಸಿದರು. ಮಳೆಕಾಡು ಬರಿದಾಗುತ್ತಿದೆ ಎಂಬ ಕೂಗೆದ್ದ ಮೇಲೆ ಕೆಲವು ಕಡೆ ಕಾಂಕ್ರೀಟ್ ಬಂತು. 2024ರ ನವೆಂಬರ್ 25ರಿಂದ ಇಪೆ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೇ ಪಟ್ಟಿಗೆ ಸೇರಿದೆ, ರಫ್ತಿಗೆ ಪರವಾನಗಿ ಬೇಕು. ಬೆಂಗಳೂರಿನವರಿಗೆ ಈ ಕುಟುಂಬ ಹೊಸದೇನಲ್ಲ. ವರ್ಷದ ಮೊದಲ ತಿಂಗಳುಗಳಲ್ಲಿ ಕಬ್ಬನ್ ಪಾರ್ಕಿನಲ್ಲಿ ಎಲೆ ಉದುರಿಸಿಕೊಂಡು ಗುಲಾಬಿ ಹೂ ತುಂಬಿಕೊಳ್ಳುವ ಟಬೂಬಿಯ ಮರಗಳು ಇದರ ದಾಯಾದಿಗಳು.

● ಕೊನೆಯದು, ಆದರೆ ದಯವಿಟ್ಟು ಹಾರಿಸಬೇಡಿ. ಎಣ್ಣೆ ಸ್ಟೇನುಗಳಲ್ಲಿ ಹಲವಕ್ಕೆ ಆಧಾರ ಅಗಸೆ ಎಣ್ಣೆ. ಉತ್ತರ ಕರ್ನಾಟಕದವರು ರೊಟ್ಟಿಯ ಜೊತೆ ತಿನ್ನುವ ಅಗಸಿ ಹಿಂಡಿಯ ಅಗಸೆಯೇ. ಈ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಹಾಗೆ ಗಟ್ಟಿಯಾಗುವಾಗ ಶಾಖ ಬಿಡುತ್ತದೆ. ಹಲಗೆಯ ಮೇಲೆ ಅದು ತಿಳಿಯುವುದೇ ಇಲ್ಲ. ಒರೆಸಿದ ಬಟ್ಟೆಗಳನ್ನು ಉಂಡೆಮಾಡಿ ಮೂಲೆಗೆ ಎಸೆದರೆ ಮಾತ್ರ ಶಾಖ ಒಳಗೇ ಸಿಕ್ಕಿಕೊಂಡು, ಕಡ್ಡಿ ಗೀರದೆಯೇ ಬೆಂಕಿ ಏಳುತ್ತದೆ. 1991ರ ಫೆಬ್ರುವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ 38 ಮಹಡಿಯ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡಕ್ಕೆ ಬೆಂಕಿ ಬಿದ್ದದ್ದು ಹೀಗೆಯೇ. ಮರಕ್ಕೆ ಎಣ್ಣೆ ಹಾಕಿದ್ದ ಕೆಲಸಗಾರರು ಅಗಸೆ ಎಣ್ಣೆಯ ಬಟ್ಟೆಗಳನ್ನು 22ನೇ ಮಹಡಿಯಲ್ಲಿ ಬಿಟ್ಟುಹೋಗಿದ್ದರು. ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಬೆಂಕಿ ಮೇಲೇರುತ್ತ ಹೋಗಿ 30ನೇ ಮಹಡಿಯಲ್ಲಿ ನಿಂತಿತು; ನಿಲ್ಲಿಸಿದ್ದು ಆ ಮಹಡಿಯ ಚಾವಣಿಯಲ್ಲಿದ್ದ ಹತ್ತು ನೀರಿನ ಸ್ಪ್ರಿಂಕ್ಲರ್‌ಗಳು. ಕೆಲಸ ಮುಗಿದ ಕೂಡಲೇ ಬಟ್ಟೆಗಳನ್ನು ಹೊರಗೆ, ಒಂದರ ಮೇಲೊಂದು ಬೀಳದಂತೆ ಬಿಡಿಬಿಡಿಯಾಗಿ ಹರವಿ, ಗರಿಗರಿಯಾಗುವವರೆಗೆ ಒಣಗಿಸಿ. ಅಷ್ಟು ಜಾಗವಿಲ್ಲದಿದ್ದರೆ ನೀರು ತುಂಬಿದ ತಗಡಿನ ಡಬ್ಬಕ್ಕೆ ಹಾಕಿ ಮುಚ್ಚಳ ಬಿಗಿಯಿರಿ.